ಇನ್ನೆರಡು ಮೂಲೆ

ನನ್ನ ಓರಗಿತ್ತಿಯನ್ನು ಹೊಗಳಲು ಕೂತಿದ್ದೇನೆ. ಇದನ್ನು ಕೇಳಿ ನಮ್ಮತ್ತೆ ಎಚ್ಚರ ತಪ್ಪಿ ಬಿದ್ದರೆ ನಾನು ಹೊಣೆಯಲ್ಲ. ಒಂದೇ ಒಲೆ, ಒಂದೇ ನಲ್ಲಿ ಹಂಚಿಕೊಂಡ ಇಬ್ಬರು ಸೊಸೆಯಂದಿರು ಒಬ್ಬರನ್ನೊಬ್ಬರು ಮೆಚ್ಚಿದ್ದನ್ನು ಯಾರೂ ಕಂಡಿಲ್ಲ, ನಾನೂ ಕಂಡಿಲ್ಲ. ಆದರೆ ಅವಳು ಮಾಡಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಎಷ್ಟು ಹತ್ತಿರ ಎಂದರೆ, ಒಂದು ಬೆಡ್‌ಶೀಟಿನ ಆಚೆ ತುದಿಯಷ್ಟು.

ಮನೆಯಲ್ಲಿ ಅವಳನ್ನು ಎಲ್ಲರೂ ಚಿಕ್ಕವಳು ಅಂತಲೇ ಕರೆಯುವುದು. ನನ್ನ ಮೈದುನನ ಹೆಂಡತಿ. ನಾವಿಬ್ಬರೂ ದುಡಿಯುವುದು ಒಂದು ದೊಡ್ಡ ಲಾಂಡ್ರಿಯಲ್ಲಿ, ಆಸ್ಪತ್ರೆಗಳ ಹೋಟೆಲುಗಳ ಬಟ್ಟೆ ಬರುವ ಕಡೆ. ಅಲ್ಲಿ ಒಗೆಯುವುದು ಯಂತ್ರ, ಹಿಂಡುವುದು ಯಂತ್ರ, ಇಸ್ತ್ರಿಗೂ ಉದ್ದುದ್ದ ಬಿಸಿ ಉರುಳೆಗಳ ಯಂತ್ರ. ಮಡಿಸುವುದಕ್ಕೆ ಮಾತ್ರ ನಾವು. ಉರುಳೆಯ ಬಾಯಿಂದ ಬೆಡ್‌ಶೀಟು ಸುಡುಸುಡುತ್ತಾ ಹೊರಗೆ ಬರುತ್ತದೆ. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಎರಡೆರಡು ಮೂಲೆ ಹಿಡಿದು, ಕೊಡವಿ, ಒಬ್ಬರ ಕಡೆಗೊಬ್ಬರು ನಡೆದು, ಮೂಲೆಗೆ ಮೂಲೆ ಕೂಡಿಸಿ, ಮಡಿಸಿ, ಪಕ್ಕಕ್ಕೆ ಪೇರಿಸಿ, ಮುಂದಿನದಕ್ಕೆ ಕೈ ಚಾಚಬೇಕು. ಕ್ಷಣ ತಡವಾದರೆ ಅದು ನೆಲಕ್ಕೆ ಬೀಳುತ್ತದೆ. ನೆಲ ಮುಟ್ಟಿದ ಆಸ್ಪತ್ರೆ ಬಟ್ಟೆಯನ್ನು ಇನ್ನೊಂದು ಸಲ ಒಗೆಯಲೇಬೇಕು.

ಒಂದೊಂದು ಉರುಳೆಗೂ ಒಂದೊಂದು ಜೋಡಿ, ನನ್ನ ಜೋಡಿ ಚಿಕ್ಕವಳು. ಜೋಡಿ ಎನ್ನುವುದು ನಮ್ಮಲ್ಲಿ ಮದುವೆಗಿಂತ ಗಟ್ಟಿ, ಮದುವೆಯಲ್ಲಾದರೂ ಬಿಡುಗಡೆಗೆ ಸೋಡಚೀಟಿ ಉಂಟು. ಜೊತೆಯವಳ ಎತ್ತರ, ಅವಳ ಹೆಜ್ಜೆಯ ಚುರುಕು, ಯಾವ ಕೈ ಮೊದಲು ತರುತ್ತಾಳೆ ಎಂಬುದೆಲ್ಲ ಮೈಗೆ ಹತ್ತಿದ ಮೇಲೆ ಬೇರೆಯವಳ ಜೊತೆ ಮಡಿಸಲು ಕೈ ಬರುವುದೇ ಇಲ್ಲ. ಹಾಗೆ ಮಡಿಸಿದರೆ ತನ್ನ ಜೋಡಿಗೆ ಅವಮಾನ ಮಾಡಿದಂತೆ. ಈ ಮಡಿವಂತಿಕೆಯ ಗುರು ನಮ್ಮ ಸುಕ್ಕಜ್ಜಿ. ಎಷ್ಟು ಚೆನ್ನಾಗಿ ಇಸ್ತ್ರಿಯಾದ ಬಟ್ಟೆಯಲ್ಲೂ ಒಂದು ಸುಕ್ಕು ಹುಡುಕುವ ಹೆಂಗಸು. ತನ್ನ ಜೋಡಿಯ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು, ಯಾವುದೋ ಹಳೇ ಜಗಳ. ಆದರೂ ಅವಳನ್ನು ಬಿಟ್ಟು ಇನ್ನೊಬ್ಬಳ ಬೆಡ್‌ಶೀಟು ಮುಟ್ಟಿದವಳಲ್ಲ.

ಹೀಗಾಗಿ ಒಬ್ಬಳಿಗೆ ಜ್ವರ ಬಂದು ಕೆಲಸಕ್ಕೆ ಬರದಿದ್ದರೆ, ಆ ಉರುಳೆ ಅವತ್ತು ನಿಲ್ಲುತ್ತಿತ್ತು. ಅದರ ಪಾಲಿನ ಕೆಲಸ ಮಿಕ್ಕ ಜೋಡಿಗಳ ಮೇಲೆ. ಉಳಿದವಳು ಕೊಳೆ ಕೋಣೆಗೆ. ಆಸ್ಪತ್ರೆಯಿಂದ ಗಂಟುಗಂಟಾಗಿ ಬಂದ ಬಟ್ಟೆಯನ್ನು ಒಗೆಯುವ ಮುಂಚೆ ಬಿಚ್ಚಿ ವಿಂಗಡಿಸುವ ಕೋಣೆ ಅದು. ಅಲ್ಲೇನಿರುತ್ತದೆ ಎಂದು ವಿವರಿಸಿದರೆ ನಿಮಗೆ ಊಟ ಸೇರುವುದಿಲ್ಲ. ಜ್ವರ ಯಾವಾಗಲೋ ಒಮ್ಮೆ ಬರುವುದು ಎಂದು ನಾವು ಯಾರೂ ಇದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

ಚಿಕ್ಕವಳು ನಗರಸಭೆ ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ನಾನು ನಕ್ಕೆ. ನಮ್ಮತ್ತೆ ನಗಲಿಲ್ಲ. "ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಪಾತ್ರೆ ಕುಕ್ಕಿದರು. ನಮ್ಮದು ಕಾಲುವೆಯಾಚೆಯ ಬಡಾವಣೆ. ಅಲ್ಲಿಗೆ ಮತ ಕೇಳಲು ಬಂದವರು ಮತ್ತೆ ಬಂದ ದಾಖಲೆ ಇಲ್ಲ. ಇವಳು ಕೆಲಸ ಮುಗಿಸಿ ಸಂಜೆ ಮನೆಮನೆಗೆ ಹೋದಳು. ಭಾಷಣ ಗೀಷಣ ಇಲ್ಲ, ಜನರ ಹೊಸ್ತಿಲ ಮೇಲೆ ಕೂತು ಅವರು ಬೈಯುವುದನ್ನೆಲ್ಲ ಕೇಳಿಕೊಂಡು ಬರುವಳು. ಗೆದ್ದಳು ನೋಡಿ! ಅವಳಿಗಿಂತ ಹೆಚ್ಚು ಗಾಬರಿಯಾದದ್ದು ನನಗೆ.

ಮೊದಲ ಸಭೆಯ ಕತೆಯನ್ನು ಅವಳೇ ನಗುನಗುತ್ತಾ ಹೇಳಿದಳು. ಮೇಜಿನ ಮೇಲೆ ಊರಿನ ದೊಡ್ಡ ನಕ್ಷೆ ಹರಡಿದ್ದರಂತೆ. ಚರ್ಚೆ ಮುಗಿಯುತ್ತಲೇ ಇವಳು ಅಭ್ಯಾಸಬಲದಿಂದ ಎದ್ದು ಅದರ ಎರಡು ಮೂಲೆ ಹಿಡಿದು, ಒಮ್ಮೆ ಕೊಡವಿ, ಅಧ್ಯಕ್ಷರ ಮುಖ ನೋಡುತ್ತಾ ನಿಂತಳಂತೆ. ಇದೇನೋ ಹೊಸ ಸದಸ್ಯರು ಮಾಡುವ ಕ್ರಮವಿರಬೇಕು ಎಂದುಕೊಂಡು ಆ ಮಹಾನುಭಾವರು ಇನ್ನೆರಡು ಮೂಲೆ ಹಿಡಿದರು. ಇಬ್ಬರೂ ನಡೆದು ಬಂದು ನಕ್ಷೆ ಮಡಿಸಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. "ಅಧ್ಯಕ್ಷರು ಎಡಗೈ ಮೊದಲು ತರ್ತಾರೆ ಅಕ್ಕ, ಅವರ ಜೊತೆ ಆಗಲ್ಲ," ಅಂದಳು.

ಆದರೆ ನಗಿಸಲು ಹೋದವಳಲ್ಲ. ನಮ್ಮ ಬೀದಿಯ ಚರಂಡಿಗೆ ಕಲ್ಲು ಹಾಸಿಸಿದಳು. ಕಾಲುವೆಯ ಸೇತುವೆ ಮೇಲೆ ದೀಪ ಹಾಕಿಸಿದಳು. ಬಸ್ಸಿನಲ್ಲಿ ನಾನು ತೂಕಡಿಸುತ್ತಿದ್ದರೆ ಪಕ್ಕದಲ್ಲಿ ಅವಳು ಸಭೆಯ ಕಾಗದಗಳನ್ನು ತುಟಿ ಅಲ್ಲಾಡಿಸುತ್ತಾ ಓದುವಳು, ಅರ್ಥವಾಗದಿದ್ದರೆ ಕಂಡಕ್ಟರನನ್ನೂ ಬಿಡದೆ ಕೇಳುವಳು. ಸಭೆಯಲ್ಲಿ ಮೊದಲ ಸಲ ಮಾತಾಡಿದಾಗ ದನಿ ನಡುಗಿತಂತೆ. ಎರಡನೆಯ ಸಲವೂ ನಡುಗಿತಂತೆ. "ನಡುಗಿದರೆ ನಡುಗಲಿ, ಕೇಳಿಸುತ್ತಲ್ಲ," ಅಂದಳು. ನಾನಾಗಿದ್ದರೆ ಮೊದಲ ಸಲಕ್ಕೇ ಮನೆಗೆ ಓಡಿ ಬರುತ್ತಿದ್ದೆ.

ಸಭೆಗಳು ನಡೆಯುವುದು ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ. ಗೆದ್ದ ನೌಕರರಿಗೆ ಸಭೆಯ ದಿನ ಬಿಡುವು ಕೊಡಲೇಬೇಕು, ಸಂಬಳ ಹಿಡಿಯಬಾರದು ಎಂದು ಕಾನೂನೇ ಇದೆ. ಚಿಕ್ಕವಳು ಅದನ್ನು ಮಾಲೀಕರಿಗೆ ತೋರಿಸಿದಳು. ಅವರು ಇಲ್ಲ ಅನ್ನಲಿಲ್ಲ. ಕೈ ಕುಲುಕಿದರು. ನಮ್ಮ ಉದ್ಯೋಗಿ ನಮ್ಮ ಹೆಮ್ಮೆ ಎಂದು ಅವಳ ಜೊತೆ ಫೋಟೋ ತೆಗೆಸಿಕೊಂಡು ಆಫೀಸಿನ ಗೋಡೆಗೆ ಹಾಕಿದರು. ನಂತರ ನಮ್ಮ ಮೇಸ್ತ್ರಿಯನ್ನು ಒಳಗೆ ಕರೆದು ಏನೋ ಹೇಳಿದರು. ಮೇಸ್ತ್ರಿ ಹೊರಗೆ ಬಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದ: "ಅವರಿಗೆ ಬಿಡುವು ಇದೆ. ಕಾನೂನು. ಅವರ ಜೋಡಿಗೆ ಎಲ್ಲಿದೆ? ಪದ್ಧತಿ ಪ್ರಕಾರ ನೀವು ಕೊಳೆ ಕೋಣೆಗೆ."

ಬದಲಿ ಕೈಯೊಂದನ್ನು ಕರೆಸಿದ್ದರೆ ಮುಗಿಯುತ್ತಿತ್ತು. ಕರೆಸಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳು ಸಭೆಗೆ ಹೋದಾಗಲೆಲ್ಲ ನಾನು ಕೊಳೆ ಕೋಣೆಗೆ. ನಮ್ಮ ಉರುಳೆ ನಿಂತು, ಅದರ ಕೆಲಸವೆಲ್ಲ ಬೇರೆ ಜೋಡಿಗಳ ತಲೆಗೆ. ಮೊದಮೊದಲು "ನಮ್ಮ ಮೆಂಬರು" ಎಂದು ಕೊಂಡಾಡಿದ ಹೆಂಗಸರು ಬರಬರುತ್ತಾ "ಇವತ್ತೂ ಮೀಟಿಂಗಂತೆ" ಎಂದು ಮೂಗು ಮುರಿಯತೊಡಗಿದರು. ಸುಕ್ಕಜ್ಜಿ ಅವಳನ್ನು ಕಂಡರೆ ಮುಖ ತಿರುಗಿಸುವಳು. ನಾನು ಮಾತ್ರ ಕೊಳೆ ಕೋಣೆಯಲ್ಲಿ ಏನಿತ್ತು ಎಂದು ಚಿಕ್ಕವಳಿಗೆ ಹೇಳುತ್ತಿರಲಿಲ್ಲ. ಹೇಳಿದರೆ ಅವಳು ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಒಂದು ದಿನ ಅಲ್ಲಿ ಗಂಟು ಬಿಚ್ಚುತ್ತಿದ್ದಾಗ ಬಟ್ಟೆಯೊಳಗೆ ಉಳಿದಿದ್ದ ಇಂಜೆಕ್ಷನ್ ಸೂಜಿ ನನ್ನ ಕೈಗವಸು ದಾಟಿ ಬೆರಳಿಗೆ ಚುಚ್ಚಿತು. ಡಾಕ್ಟರು ತೊಳೆದು, ಔಷಧಿ ಕೊಟ್ಟು, ರಕ್ತ ತೆಗೆದುಕೊಂಡರು. ಇನ್ನೊಮ್ಮೆ ಪರೀಕ್ಷೆ ಆಗುವವರೆಗೆ ಏನೂ ಹೇಳಲಾಗದು ಎಂದರು. ಆಮೇಲೆ ಏನೂ ಆಗಲಿಲ್ಲ, ಈಗಲೇ ಹೇಳಿಬಿಡುತ್ತೇನೆ, ಗಟ್ಟಿಮುಟ್ಟಾಗಿದ್ದೇನೆ. ಆದರೆ ಅವತ್ತು ಅದು ಯಾರಿಗೆ ಗೊತ್ತು? ಚಿಕ್ಕವಳು ಸಭೆ ಮುಗಿಸಿ ಮನೆಗೆ ಬಂದು ನನ್ನ ಬೆರಳಿನ ಪಟ್ಟಿ ನೋಡಿ, ಕತೆ ಕೇಳಿ, ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು.

"ರಾಜೀನಾಮೆ ಕೊಡ್ತೀನಿ ಅಕ್ಕ."

"ಯಾವುದಕ್ಕೆ, ಲಾಂಡ್ರಿಗಾ?"

"ಮೆಂಬರಿಕೆಗೆ. ನಿನ್ನ ಕೈಗಿಂತ ಆ ಕುರ್ಚಿ ನಂಗೆ ಹೆಚ್ಚಲ್ಲ."

"ನನ್ನ ಬೆರಳು ನನ್ನದು. ಅದರ ಮೇಲೆ ನೀನ್ಯಾಕೆ ನಿರ್ಧಾರ ಮಾಡ್ತೀಯಾ?"

"ಚುಚ್ಚಿದ್ದು ನಾನು ಅಲ್ಲಿ ಕೂತಿದ್ದಕ್ಕೆ."

ಅತ್ತೆ ಯಾವಾಗಲೂ ಇಂಥ ಹೊತ್ತಿನಲ್ಲಿ ಒಂದು ಗಾದೆ ಒಗೆಯುವವರು. ಅವತ್ತು ಗಾದೆ ಮರೆತರು. ನನ್ನ ಕೈ ಹಿಡಿದುಕೊಂಡು ಊದುತ್ತಾ ಕೂತರು, ಬಿಸಿ ತಾಗಿದ ಮಗುವಿಗೆ ಊದುವ ಹಾಗೆ.

ಆಗಿನ ಸಂದರ್ಭ ಎಂಥದು ಎಂದರೆ, ಮುಂದಿನ ಸಭೆಯಲ್ಲಿ ಬೆಳಗಿನ ಮೊದಲ ಬಸ್ಸಿನ ವಿಷಯ ಬರುವುದಿತ್ತು. ನಮ್ಮ ಬಡಾವಣೆಯಿಂದ ಕಾರ್ಖಾನೆ ಬೀದಿಗೆ ಕತ್ತಲಲ್ಲೇ ಹೊರಡುವ ಬಸ್ಸು. ಅದರಲ್ಲಿ ಬರುವವರು ನಮ್ಮಂಥವರೇ, ಲಾಂಡ್ರಿಯವರು, ಆಸ್ಪತ್ರೆಯ ಆಯಾಗಳು, ಕಸ ಗುಡಿಸುವವರು. ನಷ್ಟವಾಗುತ್ತದೆ, ನಿಲ್ಲಿಸಿಬಿಡೋಣ ಎಂದು ಕೆಲವು ಸದಸ್ಯರ ಮಾತು. ನಿಂತರೆ ನಾವೆಲ್ಲ ರೈಲು ಹಳಿಯ ಪಕ್ಕದ ದಾರಿಯಲ್ಲಿ, ಆ ಕತ್ತಲಲ್ಲಿ, ನಡೆದೇ ಬರಬೇಕು. ಆ ದಾರಿಯಲ್ಲಿ ಏನೇನು ನಡೆದಿದೆ ಎಂದು ನಮ್ಮಲ್ಲಿ ಪ್ರತಿಯೊಬ್ಬಳಿಗೂ ಗೊತ್ತು. ಚಿಕ್ಕವಳು ಅದಕ್ಕಾಗಿ ತಿಂಗಳಿಂದ ಓಡಾಡುತ್ತಿದ್ದಳು. ಈಗ ಅದನ್ನೂ ಬಿಡುತ್ತೇನೆ ಎನ್ನುತ್ತಾಳೆ!

ನನಗೆ ಸಿಟ್ಟು ಬಂದರೆ ನಾನು ಸುಮ್ಮನಿರುವವಳಲ್ಲ. ಮರುದಿನ ಊಟದ ಹೊತ್ತಿನಲ್ಲಿ ಚಿಕ್ಕವಳು ಕೈ ತೊಳೆಯಲು ಹೋದಾಗ ಎಲ್ಲರ ಮಧ್ಯೆ ನಿಂತು ಪಟ್ಟಿ ಕಟ್ಟಿದ ಬೆರಳು ಎತ್ತಿ ತೋರಿಸಿದೆ.

"ಸಂತೋಷಪಡಿ. ಅವಳು ಬಿಡ್ತಾಳಂತೆ. ಇನ್ನು ನಿಮಗೆ ಮೀಟಿಂಗಿನ ಕಾಟ ಇಲ್ಲ. ಬೆಳಿಗ್ಗೆ ಬಸ್ಸೂ ಇರಲ್ಲ. ಹಳಿ ಪಕ್ಕ ಹಾಡು ಹೇಳ್ಕೊಂಡು ನಡೀರಿ."

ಸುಕ್ಕಜ್ಜಿ ತನ್ನ ಡಬ್ಬಿಯ ಮುಚ್ಚಳ ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದಳು. ನನಗೆ ಅವಳನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

ಸಭೆಯ ದಿನ ಚಿಕ್ಕವಳನ್ನು ನಾನು ಅಕ್ಷರಶಃ ದಬ್ಬಿ ಕಳಿಸಿದೆ. "ಇದೊಂದು ದಿನ ಹೋಗು. ನಾನು ಕೊಳೆ ಕೋಣೆಗೆ ಕಾಲಿಡಲ್ಲ, ಆಣೆ," ಎಂದೆ. ನಗರಸಭೆ ಇರುವುದು ಲಾಂಡ್ರಿಯ ಹಿಂದಿನ ಬೀದಿಯಲ್ಲೇ. ತಿರುಗಿ ತಿರುಗಿ ನೋಡುತ್ತಾ ಹೋದಳು.

ನಾನು ನಮ್ಮ ಉರುಳೆಯ ಮುಂದೆ ಹೋಗಿ ನಿಂತು ಗುಂಡಿ ಒತ್ತಿದೆ. ಮೇಸ್ತ್ರಿ ಬಂದ. "ನೀವು ಕೊಳೆ ಕೋಣೆಗೆ."

"ಹೋಗಲ್ಲ."

"ಜೋಡಿ ಇಲ್ಲದೆ ಇಲ್ಲಿ ಏನ್ ಮಾಡ್ತೀರಿ?"

ಹೋಗಲ್ಲ ಎನ್ನುವವರೆಗೆ ಮಾತ್ರ ನಾನು ಯೋಚಿಸಿದ್ದೆ. ಉರುಳೆಯಿಂದ ಮೊದಲ ಬೆಡ್‌ಶೀಟು ಇಳಿಯಿತು. ನಾನು ನನ್ನ ಪಾಲಿನ ಎರಡು ಮೂಲೆ ಹಿಡಿದೆ. ಆಚೆಯ ಎರಡು ಜೋಲುಬಿದ್ದು ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಎರಡು ಕೈ ಬಂದು ಅವನ್ನು ಎತ್ತಿದವು. ನೋಡುತ್ತೇನೆ, ಸುಕ್ಕಜ್ಜಿ! "ಏನ್ ಬಾಯಿ ಬಿಟ್ಕೊಂಡು ನಿಂತೆ, ಬಾ ಮುಂದಕ್ಕೆ," ಎಂದು ಗದರಿದಳು. ನಾನು ನಡೆದೆ. ನಮ್ಮಿಬ್ಬರ ಕೈ ಒಂದಕ್ಕೊಂದು ಡಿಕ್ಕಿ ಹೊಡೆದವು. ಮಡಿಕೆ ಸೊಟ್ಟಗಾಯಿತು. ಅವಳು ಅದನ್ನು ನೋಡಿಯೂ ಪೇರಿಸಿದಳು. ಆ ಹೆಂಗಸಿನ ಮಟ್ಟಿಗೆ ಅದು ಎಂಥ ತ್ಯಾಗ ಎಂದು ನಮ್ಮ ಲಾಂಡ್ರಿಯವರಿಗೆ ಮಾತ್ರ ಅರ್ಥವಾದೀತು.

ಮೇಸ್ತ್ರಿ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಸುಕ್ಕಜ್ಜಿಯ ಜೋಡಿ ಒಂಟಿಯಾಗಿರುವುದು ಕಂಡು ಅವಳ ಕಡೆ ಬೆರಳು ತೋರಿಸಿದ. "ಹಾಗಾದ್ರೆ ನೀವು ಹೋಗಿ ಕೊಳೆ ಕೋಣೆಗೆ." ಅವಳು ಬಾಯಿ ತೆರೆಯುವ ಮೊದಲೇ ಪಕ್ಕದ ಉರುಳೆಯವಳು ತನ್ನ ಜೋಡಿಯನ್ನು ಬಿಟ್ಟು ಬಂದು ಅವಳ ಬೆಡ್‌ಶೀಟಿನ ತುದಿ ಹಿಡಿದಳು. ಈಗ ಅಲ್ಲೊಬ್ಬಳು ಒಂಟಿ. ಮೇಸ್ತ್ರಿ ಅಲ್ಲಿಗೆ ಹೋದ. ಅಷ್ಟರಲ್ಲಿ ಅದರಾಚೆಯ ಉರುಳೆಯವಳು ಅವಳ ಜೊತೆ ನಿಂತಿದ್ದಳು. ಹೀಗೇ ಸಾಲಿನ ಕೊನೆಯವರೆಗೂ ಹೋಯಿತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಜೋಡಿ ಮುರಿದರೆ ಕೈಯೇ ಬರುವುದಿಲ್ಲ ಎಂದು ನಂಬಿದ್ದ ಹೆಂಗಸರು ಒಬ್ಬರ ಕಾಲು ಒಬ್ಬರು ತುಳಿಯುತ್ತಾ, "ನಿನ್ನ ಎಡಗೈ ಯಾಕೆ ಬಂತೇ?" ಎಂದು ಬೈದಾಡುತ್ತಾ ಮಡಿಸುತ್ತಿದ್ದರು. ನನಗೆ ಅಳು ಬಂತು, ಉಗಿ ಕಣ್ಣಿಗೆ ಹೋಯಿತು ಎಂದೆ.

ಕೊನೆಯ ಉರುಳೆಯವಳು ಒಂಟಿಯಾದಾಗ ಮೇಸ್ತ್ರಿ ಗೆದ್ದವನ ಹಾಗೆ ಅಲ್ಲಿ ನಿಂತ. ಆಗ ಸುಕ್ಕಜ್ಜಿ ನನ್ನ ಬೆಡ್‌ಶೀಟು ಬಿಟ್ಟು, ಸರಸರ ನಡೆದು, ಹೋಗಿ ಅವಳ ಜೊತೆಯಾದಳು. ಈಗ ಒಂಟಿ ಮತ್ತೆ ನಾನೇ.

ಮೇಸ್ತ್ರಿ ಸಾಲಿನುದ್ದಕ್ಕೂ ವಾಪಸು ಬಂದ. ನಮ್ಮ ಉರುಳೆ ನಿಲ್ಲಿಸಲು ಗುಂಡಿಯ ಕಡೆ ಕೈ ನೀಡಿದ್ದ. ಹೊರಗೆ ಆಸ್ಪತ್ರೆಯ ವ್ಯಾನು ಬಂದು ಹಾರ್ನ್ ಬಾರಿಸತೊಡಗಿತು. ಈ ಗಲಾಟೆಯಲ್ಲಿ ಪೇರಿಸಿದ್ದು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಈಗ ಈ ಉರುಳೆಯನ್ನೂ ನಿಲ್ಲಿಸಿದರೆ ಆಸ್ಪತ್ರೆಗೆ ಉತ್ತರ ಹೇಳಬೇಕಾದವನು ಅವನೇ. ನಾನು ಎರಡು ಮೂಲೆ ಹಿಡಿದು ಅವನ ಮುಖ ನೋಡುತ್ತಾ ನಿಂತಿದ್ದೆ. ಆಚೆಯ ಎರಡು ಇಳಿಯುತ್ತಾ ಇಳಿಯುತ್ತಾ ಬಂದವು.

ಮೇಸ್ತ್ರಿ ಬಗ್ಗಿ ಅವನ್ನು ಹಿಡಿದ. ಹಿಡಿದವನೇ "ಅಯ್ಯೋ, ಸುಡ್ತದೆ!" ಎಂದು ಕೂಗಿದ.

"ಹೌದು ಸಾರ್," ಎಂದೆ. "ಕೊಡವಿ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗಿತ್ತು ನಮ್ಮ ಮಡಿಕೆ. ಎತ್ತು ನಾನು ಎಂದು ಬೇರೆ ಹೇಳಬೇಕಿಲ್ಲ. ಆದರೂ ಅವನು ಬಿಟ್ಟು ಹೋಗಲಿಲ್ಲ, ಅಷ್ಟು ಒಳ್ಳೆಯ ಮಾತು ಅವನಿಗೆ ಸಲ್ಲಬೇಕು. ಮಧ್ಯಾಹ್ನದ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿ, ಬೆರಳ ತುದಿಗಳು ಕೆಂಪಗಾಗಿದ್ದವು. ಮಾಲೀಕರು ಆಫೀಸಿನ ಗಾಜಿನಾಚೆಯಿಂದ ಒಮ್ಮೆ ಇಣುಕಿ, ಇಂಗು ತಿಂದ ಮಂಗನಂತೆ ಮುಖ ಮಾಡಿ ಒಳಗೆ ಹೋದರು.

ಊಟದ ಬಿಡುವಿಗೆ ಇನ್ನೂ ಸ್ವಲ್ಪ ಇರುವಾಗ ಬಾಗಿಲಲ್ಲಿ ಚಿಕ್ಕವಳು ಕಂಡಳು. ಸಭೆಗೆಂದೇ ಎತ್ತಿಟ್ಟಿದ್ದ ಒಳ್ಳೆಯ ಸೀರೆ, ಓಡಿ ಬಂದು ಏದುಸಿರು. ನಾನು ಕೊಳೆ ಕೋಣೆಯಲ್ಲಿದ್ದೇನೋ ಎಂಬ ಹೆದರಿಕೆ ಅವಳಿಗೆ. ಮೇಸ್ತ್ರಿಯ ಕೈಯಲ್ಲಿ ತನ್ನ ಪಾಲಿನ ಮೂಲೆಗಳನ್ನು ಕಂಡು ನಿಂತಲ್ಲೇ ನಿಂತಳು.

"ಬಂದ್ರಲ್ಲ!" ಎಂದು ಮೇಸ್ತ್ರಿ ಜೀವ ಬಂದವನ ಹಾಗೆ ಬೆಡ್‌ಶೀಟನ್ನು ಅವಳ ಕಡೆ ಚಾಚಿದ. "ತಗೊಳ್ಳಿ, ತಗೊಳ್ಳಿ."

ಅವಳ ಕೈ ತಾನಾಗೇ ಮುಂದೆ ಬಂತು. ನಾನು ನನ್ನ ತುದಿಯನ್ನು ಜಗ್ಗಿ ಎಳೆದೆ. ಮೇಸ್ತ್ರಿ ಅದರ ಜೊತೆಗೇ ಎರಡು ಹೆಜ್ಜೆ ನನ್ನ ಕಡೆ ಬಂದುಬಿಟ್ಟ.

"ಬಸ್ಸಿನ ವಿಷಯ ಆಯ್ತಾ?" ಎಂದು ಕೇಳಿದೆ.

"ಇಲ್ಲ ಅಕ್ಕ. ಈಗ ಬಿಡುವು. ಆಮೇಲೆ ಮೊದಲು ಅದೇ. ಬೇಗ ಶುರು ಮಾಡ್ತಾರಂತೆ."

"ಮತ್ತೆ ಇಲ್ಲೇನು ಕೆಲಸ ನಿಂಗೆ?"

"ನೀನು ಒಬ್ಬಳೇ... ನಾನು ಸ್ವಲ್ಪ ಹೊತ್ತು ಹಿಡಿದರೆ..."

ಸುತ್ತ ಎಲ್ಲರೂ ಕೇಳುತ್ತಿದ್ದರು. ನನಗೆ ಯಾರ ಹಂಗೂ ಇರಲಿಲ್ಲ.

"ನಾನು ನಿಂಗೆ ವೋಟು ಹಾಕಿದ್ದು ಯಾಕೆ ಅಂದ್ಕೊಂಡೆ? ಬೆಡ್‌ಶೀಟು ಮಡಿಸೋಕಾ? ಅದನ್ನ ನೀನು ಮೊದಲಿಂದಾನೂ ಮಾಡ್ತಿದ್ದೆ! ಹೋಗು. ನಡಿ."

ಅವಳು ನನ್ನ ಮುಖ ನೋಡಿದಳು, ಸಾಲಿನ ಕಡೆ ನೋಡಿದಳು. ಯಾವ ಉರುಳೆಯ ಮುಂದೆಯೂ ಹಳೇ ಜೋಡಿ ಇರಲಿಲ್ಲ. ಅದು ಅವಳಿಗೆ ಈಗ ಕಣ್ಣಿಗೆ ಬಿತ್ತು. ತುಟಿ ಕಚ್ಚಿಕೊಂಡಳು. ಸುಕ್ಕಜ್ಜಿ ದೂರದಿಂದಲೇ, "ಸೀರೆ ನೆರಿಗೆ ಸರಿ ಮಾಡ್ಕೊಂಡು ಹೋಗೇ," ಎಂದಳು. ಚಿಕ್ಕವಳು ನೆರಿಗೆ ಎತ್ತಿ ಹಿಡಿದು ಬಂದ ದಾರಿಯಲ್ಲೇ ಓಡಿದಳು.

ಮಧ್ಯಾಹ್ನವೆಲ್ಲ ನನ್ನ ಕೈ ಇಲ್ಲಿ, ಮನಸ್ಸು ಹಿಂದಿನ ಬೀದಿಯಲ್ಲಿ. ಇಷ್ಟೆಲ್ಲ ಮಾಡಿ ಸೋತರೆ ಇವರ ಮುಖ ಹೇಗೆ ನೋಡುವುದು ಎಂದೂ ಅನ್ನಿಸಿತು. ಕೆಲಸ ಮುಗಿಸಿ ನಾವೆಲ್ಲ ಒಟ್ಟಿಗೆ ಹೊರಗೆ ಬಂದಾಗ ಗೇಟಿನ ಪಕ್ಕದ ಕಟ್ಟೆಯ ಮೇಲೆ ಅವಳು ಕೂತಿದ್ದಳು. ನಮ್ಮನ್ನು ಕಂಡು ಎದ್ದಳು. ಮುಖದಿಂದ ಏನೂ ತಿಳಿಯಲಿಲ್ಲ. ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಕೊನೆಗೆ ಕೇಳಿದವನು ಹಿಂದಿನಿಂದ ಬೆರಳುಗಳಿಗೆ ಊದಿಕೊಳ್ಳುತ್ತಾ ಬಂದ ಮೇಸ್ತ್ರಿ.

"ಏನಾಯ್ತು?"

"ಬಸ್ಸು ಉಳೀತು," ಎಂದಳು. "ಒಂದು ವೋಟಲ್ಲಿ."

"ಒಂದೇ?" ಎಂದು ಸುಕ್ಕಜ್ಜಿ ಕೇಳಿದಳು.

"ಒಂದೇ ಅಜ್ಜಿ. ನಾನು ಒಳಗೆ ಹೋಗೋ ಹೊತ್ತಿಗೆ ಕೈ ಎತ್ತಿಸ್ತಾ ಇದ್ರು."

ಅವಳು ಇನ್ನೊಂದು ಬೆಡ್‌ಶೀಟು ಮಡಿಸುವಷ್ಟು ಹೊತ್ತು ನಮ್ಮ ಜೊತೆ ನಿಂತಿದ್ದರೆ ಸಾಕಿತ್ತು, ಬಸ್ಸು ಕೈ ತಪ್ಪುತ್ತಿತ್ತು. ನನ್ನ ಪಕ್ಕದವಳು ಸುಮ್ಮನೆ ನನ್ನ ಭುಜ ಹಿಡಿದುಕೊಂಡಳು. ಸುಕ್ಕಜ್ಜಿ ಚಿಕ್ಕವಳ ಹತ್ತಿರ ಹೋಗಿ ಅವಳ ಸೆರಗನ್ನು ಭುಜದ ಮೇಲೆ ಎಳೆದು ಸರಿಮಾಡಿದಳು, ಅದು ಸರಿಯಾಗಿಯೇ ಇತ್ತು.

ಮೇಸ್ತ್ರಿಯೂ ಅದೇ ಲೆಕ್ಕ ಹಾಕಿರಬೇಕು. ಅವನ ಹೆಂಡತಿಯೂ ಆಸ್ಪತ್ರೆಯ ಆಯಾ, ಅದೇ ಬಸ್ಸಿನಲ್ಲಿ ಬರುವವಳು. ಗಂಟಲು ಸರಿಮಾಡಿಕೊಂಡು ಚಿಕ್ಕವಳನ್ನು ಕೇಳಿದ: "ಮುಂದಿನ ಮೀಟಿಂಗು ಯಾವತ್ತು? ಮೊದಲೇ ಹೇಳಿಬಿಡಿ. ಬದಲಿ ಕೈ ಕರೆಸ್ಬೇಕು. ಮಾಲೀಕರಿಗೆ ನಾನು ಹೇಳ್ತೀನಿ."

"ನಾನು ಪ್ರತಿ ಸಲಾನೂ ಮೊದಲೇ ಹೇಳಿದೀನಿ ಸಾರ್."

"ಗೊತ್ತು," ಎಂದ ಅವನು. "ಇನ್ನೊಂದು ಸಲ ಹೇಳಿ."

ಅವಳು ತಾರೀಕು ಹೇಳಿದಳು. ದನಿ ಸ್ವಲ್ಪವೂ ನಡುಗಲಿಲ್ಲ.